ನಾಲ್ಕು ಕೊಂಬಿನ ಪಾಠ

ಅಧ್ಯಾಪಕನಾದವನಿಗೆ ಗೊತ್ತಿಲ್ಲದ ವಿಷಯಗಳು ಎಷ್ಟಿದ್ದರೂ ಚಿಂತೆಯಿಲ್ಲ. ಗೊತ್ತಿಲ್ಲವೆಂಬ ಸಂಗತಿ ತರಗತಿಯಲ್ಲಿ ಬಯಲಾಗಬಾರದು, ಅಷ್ಟೆ. ಚಾಮರಾಜನಗರದ ಕಾಲೇಜೊಂದರಲ್ಲಿ ಕನ್ನಡ ಬೋಧಿಸುತ್ತ ಈ ಸೂತ್ರವನ್ನು ನಾನು ಎಂಟು ವರ್ಷ ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದ್ದೆ. ಅದನ್ನು ಮುರಿದದ್ದು ಒಂದು ಕೊಂಡುಕುರಿ.

2023ರ ಫೆಬ್ರವರಿ. ಹಳಗನ್ನಡ ಕಾವ್ಯವೊಂದರ ಬೇಟೆಯ ವರ್ಣನೆಯನ್ನು ಪಾಠ ಮಾಡುತ್ತಿದ್ದೆ. ಹಂದಿ, ಹುಲಿ, ಸಾರಂಗಗಳ ಸಾಲು ಮುಗಿಯುವ ವೇಳೆಗೆ ಮಾತು ಕಾವ್ಯದ ಕಾಡಿನಿಂದ ನಮ್ಮ ಬಂಡೀಪುರದ ಕಾಡಿಗೆ ಜಾರಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಕೊಂಡುಕುರಿ ಅಂದರೆ ಯಾವ ಪ್ರಾಣಿ ಸಾರ್?" ಎಂದು ಕೇಳಿದಳು.

ಅದೇ ವಾರ ನನ್ನ ಭಾವಮೈದುನನ ಮನೆಯ ಕ್ಯಾಲೆಂಡರಿನಲ್ಲಿ ಅಮೆರಿಕದ ರಾಕಿ ಪರ್ವತಗಳ ಕಾಡುಕುರಿಯ ಭಾವಚಿತ್ರವನ್ನು ಕಂಡಿದ್ದೆ. ಬಂಡೆಯ ತುದಿಯಲ್ಲಿ ಚಕ್ರವರ್ತಿಯಂತೆ ನಿಂತ ಟಗರು. ಕೆನ್ನೆಯ ಸುತ್ತ ಶಂಖದಂತೆ ಸುರುಳಿಗೊಂಡ ಕೊಂಬುಗಳು. ಅಂಥ ಜೋಡಿ ಕೊಂಬು 14 ಕಿಲೋದವರೆಗೂ ತೂಗುವುದುಂಟಂತೆ. ನನಗೆ ಅಷ್ಟೇ ಸಾಕಾಯಿತು. "ಕೊಂಡವೆಂದರೆ ಬೆಟ್ಟ. ಕೊಂಡುಕುರಿಯೆಂದರೆ ಬೆಟ್ಟದ ಕುರಿ. ಅಮೆರಿಕದಲ್ಲಿಯೂ ಇದರ ಬಂಧುಗಳಿದ್ದಾರೆ" ಎಂದು ನಿರರ್ಗಳವಾಗಿ ಸಾರಿದೆ.

ಹಿಂದಿನ ಬೆಂಚಿನಿಂದ ಹುಡುಗನೊಬ್ಬ ಎದ್ದು ನಿಂತ. ಗುಂಡ್ಲುಪೇಟೆಯ ಆಚೆ, ಕಾಡಂಚಿನ ಹಳ್ಳಿಯವನು. ಅವನ ತಂದೆ ಬೇಸಿಗೆಯಲ್ಲಿ ಕಾಡಿನ ಬೆಂಕಿ ಕಾಯುವ ದಿನಗೂಲಿ ಕೆಲಸಕ್ಕೆ ಹೋಗುವವರು.

"ಸಾ, ಅದು ಕುರಿ ಅಲ್ಲ ಸಾ. ಅದಕ್ಕ ನಾಕು ಕೊಂಬು ಇರ್ತದ. ಗಂಡ್ಗ ಮಾತ್ರ."

ನಾನು ಅಲ್ಲಿಗೆ ಸುಮ್ಮನಾಗಬಹುದಿತ್ತು. "ನಾಲ್ಕು ಕೊಂಬೇ? ಹಾಗಾದರೆ ಬಾಲವೂ ನಾಲ್ಕಿರಬೇಕಲ್ಲಯ್ಯ!" ಎಂದೆ. ತರಗತಿ ಗೊಳ್ಳೆಂದಿತು. ಹುಡುಗ ಕುಳಿತುಕೊಂಡ. ಮರುದಿನದಿಂದ ಅವನಿಗೆ 'ನಾಕುಬಾಲ' ಎಂಬ ಹೆಸರು ಬಿತ್ತು. ಕಾರಿಡಾರಿನಲ್ಲಿ ಅದು ನನ್ನ ಕಿವಿಗೂ ಬಿತ್ತು. ಅವನು ಎಂದಿನಂತೆ ತರಗತಿಗೆ ಬರುತ್ತಿದ್ದ. ಆದರೆ ಮತ್ತೆ ಎದ್ದು ನಿಲ್ಲಲಿಲ್ಲ.

ವಾಚನಾಲಯದಲ್ಲಿ ಪುಸ್ತಕ ತೆಗೆದು ನೋಡಿದಾಗ ನನ್ನ ಮುಖ ಬಿಳಿಚಿಕೊಂಡಿತು. ಹುಡುಗ ಹೇಳಿದ್ದು ಅಕ್ಷರಶಃ ನಿಜ. ಕೊಂಡುಕುರಿ ಕುರಿಯಲ್ಲ, ಜಿಂಕೆಯೂ ಅಲ್ಲ. ಜಿಂಕೆ, ಕಡವೆಗಳ ಕೊಂಬು ಉದುರಿ ಮತ್ತೆ ಮೂಡುತ್ತವೆ. ಇದರವು ಹುಲ್ಲೆಯ ಕೊಂಬಿನಂತೆ ಬಾಳಿನುದ್ದಕ್ಕೂ ಉಳಿಯುತ್ತವೆ. ಉತ್ತರದ ನೀಲಗಾಯಿ ಇದಕ್ಕೆ ಹತ್ತಿರದ ನೆಂಟ. ಕಿವಿಗಳ ನಡುವೆ ನಾಲ್ಕು ಬೆರಳುದ್ದದ ಒಂದು ಜೋಡಿ, ಹಣೆಯ ಮೇಲೆ ಮೊಳಕೆಯಂಥ ಇನ್ನೊಂದು ಜೋಡಿ. ನಾಲ್ಕು ಕೊಂಬಿನ ಕಾಡುಮೃಗ ಜಗತ್ತಿನಲ್ಲಿ ಬೇರೊಂದಿಲ್ಲ. ಅದು ಬದುಕಿರುವುದು ಭಾರತ ಮತ್ತು ನೇಪಾಳಗಳಲ್ಲಿ ಮಾತ್ರ. ಅಮೆರಿಕದ ಬಂಧುಗಳು ನನ್ನ ಸೃಷ್ಟಿ! 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ಹುಲಿಯೊಡನೆ ಮೊದಲನೆಯ ಪಟ್ಟಿಯಲ್ಲಿ ಕೂರಿಸಿದೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ 2011ರಿಂದ ಅದರ ಹೆಸರಿನ ಧಾಮವೇ ಇದೆ. ಇಷ್ಟೆಲ್ಲ ಗೌರವವಿರುವ ಪ್ರಾಣಿಗೆ, ಅದನ್ನು ಬಲ್ಲ ಹುಡುಗನಿಗೆ, ನಾನು ಬಾಲ ಅಂಟಿಸಿದ್ದೆ.

'ನಾನು ತಪ್ಪು ಹೇಳಿದೆ' ಎನ್ನಲು ಮೂರು ಮಾತು ಸಾಕಿತ್ತು. ಆ ಮೂರು ಮಾತನ್ನು ತಪ್ಪಿಸಿಕೊಳ್ಳುವುದಕ್ಕಾಗಿಯೇ ನಾನು ಕ್ಯಾಮೆರಾ ಹೊತ್ತು ಕಾಡಿಗೆ ಹೊರಟೆನೆಂದು ಈಗ ಅನ್ನಿಸುತ್ತದೆ. ನಾಲ್ಕು ಕೊಂಬಿನ ಚಿತ್ರವನ್ನು ತಂದು ತೋರಿಸಿಬಿಟ್ಟರೆ ಚಿತ್ರವೇ ಮಾತನಾಡುತ್ತದೆ, ನನ್ನ ಮರ್ಯಾದೆಯೂ ಉಳಿಯುತ್ತದೆ ಎಂಬ ಲೆಕ್ಕಾಚಾರ. ಭಾವಮೈದುನ ತನ್ನ ಕ್ಯಾಮೆರಾವನ್ನೂ ಮೊಳದುದ್ದದ ಮಸೂರವನ್ನೂ ಹೆಣ್ಣು ಒಪ್ಪಿಸಿಕೊಡುವವನಂತೆ ನೂರು ಎಚ್ಚರಿಕೆಗಳೊಡನೆ ಕೊಟ್ಟ.

ಬಂಡೀಪುರವು 1931ರಲ್ಲಿ ಮೈಸೂರು ಮಹಾರಾಜರ ಕಾಲದಲ್ಲಿ ಕೇವಲ 90 ಚದರ ಕಿಲೋಮೀಟರಿನ ಅಭಯಾರಣ್ಯವಾಗಿ ಆರಂಭವಾದದ್ದು. 1973ರಲ್ಲಿ ಹುಲಿ ಯೋಜನೆ ಬಂದಾಗ ಅದರ ಮೊದಲ ಕಾಡುಗಳಲ್ಲಿ ಒಂದಾಯಿತು. ಅಂದಿನಿಂದ ಅಲ್ಲಿಗೆ ಹೋಗುವವರಿಗೆ ಹುಲಿಯೊಂದೇ ಪ್ರಾಣಿ. ಜೀಪಿನಲ್ಲಿ "ಕೊಂಡುಕುರಿ ಕಂಡರೆ ಸ್ವಲ್ಪ ನಿಲ್ಲಿಸಿ" ಎಂದಾಗ ಸಹಪ್ರಯಾಣಿಕರು ನನ್ನನ್ನು ನೋಡಿದ ಬಗೆ, ಮದುವೆಮನೆಯಲ್ಲಿ ಉಪ್ಪಿನಕಾಯಿಯನ್ನು ಮಾತ್ರ ಬೇಡುವವನನ್ನು ನೋಡುವಂತಿತ್ತು. ಎರಡು ಸಲ ಬರಿಗೈಯಲ್ಲಿ ಮರಳಿದೆ. ಕೊಂಡುಕುರಿ ಜಿಂಕೆಯಂತೆ ಹಿಂಡು ಕಟ್ಟುವುದಿಲ್ಲ. ಒಂಟಿ, ಹೆಚ್ಚೆಂದರೆ ಜೋಡಿ. ಅಪಾಯ ಕಂಡರೆ ಮೊದಲು ಹುಲ್ಲಿನಲ್ಲಿ ಕಲ್ಲಾಗುತ್ತದೆ, ಆಮೇಲೆ ಒಮ್ಮೆಗೇ ಹಾರುತ್ತದೆ. ಎಷ್ಟು ಕೊಂಡುಕುರಿಗಳು ನನ್ನನ್ನು ನೋಡಿ ಕಲ್ಲಾಗಿದ್ದವೋ!

ಮೂರನೆಯ ಸಲ, ಏಪ್ರಿಲ್ ತಿಂಗಳಲ್ಲಿ, ಬೆಳಗಿನ ಆರೂವರೆ. ಕಾಡು ಒಣಗಿ ನಿಂತಿತ್ತು. ಕೊಂಡುಕುರಿಗೆ ನೀರು ಬೇಕೇ ಬೇಕು. ನೀರಿನಿಂದ ದೂರ ಹೋಗಲಾರದು. ಆದ್ದರಿಂದ ಕೆರೆಯ ಬಳಿ ನಿಂತಿರೆಂದು ಚಾಲಕನನ್ನು ಬೇಡಿಕೊಂಡಿದ್ದೆ. ಆ ಪುಣ್ಯಾತ್ಮ ಇಂಜಿನ್ ನಿಲ್ಲಿಸಿದ. ಲಂಟಾನದ ಪೊದೆಯ ಮರೆಯಿಂದ ಮೇಕೆಯಷ್ಟೆತ್ತರದ, ಒಣಹುಲ್ಲಿನ ಬಣ್ಣದ ಜೀವವೊಂದು ಹೊರಬಂದಿತು. ಒಂದು ಹೆಜ್ಜೆ, ಒಂದು ನಿಲುಗಡೆ, ಮತ್ತೊಂದು ಹೆಜ್ಜೆ. ಮುಂಗಾಲಿನ ಮುಂಭಾಗದಲ್ಲಿ ಕಾಡಿಗೆ ಎಳೆದಂಥ ಗೆರೆ. ಕತ್ತು ಬಗ್ಗಿಸಿ ನೀರಿಗೆ ಬಾಯಿ ಇಟ್ಟಿತು.

"ಮೇಕೆ!" ಎಂದಿತು ಹಿಂದಿನ ಸೀಟಿನ ಮಗು.

ತಲೆ ಹುಲ್ಲಿನಲ್ಲಿ ಮರೆಯಾಗಿ ಕೊಂಬು ಕಾಣುತ್ತಿರಲಿಲ್ಲ. "ಒಂದು ಚಪ್ಪಾಳೆ ತಟ್ಟಿ, ತಲೆ ಎತ್ತುತ್ತದೆ" ಎಂದು ಚಾಲಕನಿಗೆ ಪಿಸುಗುಟ್ಟಿದೆ. ಅವನು ಹಿಂತಿರುಗಿಯೂ ನೋಡದೆ, "ಬೇಡ ಸಾ, ಕುಡೀಲಿ. ಈಗ ಓಡಿದ್ರ ಇನ್ಯಾವಾಗ ಬತ್ತದೊ" ಎಂದ. ನನಗೆ ನಾಚಿಕೆಯಾಯಿತು. ಒಬ್ಬ ಬಡ ಹುಡುಗನನ್ನು ನಗೆಗೀಡುಮಾಡಿದ್ದು ಸಾಲದೆಂದು, ಅದರ ಪ್ರಾಯಶ್ಚಿತ್ತಕ್ಕಾಗಿ ಈಗ ಬಾಯಾರಿದ ಪ್ರಾಣಿಯೊಂದನ್ನು ಬೆದರಿಸಲು ಹೊರಟಿದ್ದೆ. ಕೈ ನಡುಗಿತು; ಗುಂಡಿ ಒತ್ತಿದೆ. ಅದು ತಲೆಯೆತ್ತಿ ಕ್ಷಣಕಾಲ ನಿಂತು, ಪೊದೆಯೊಳಗೆ ಕರಗಿತು.

ಮನೆಗೆ ಬಂದು ನೋಡಿದರೆ, ಕ್ಯಾಮೆರಾ ನನಗಿಂತ ಹೆಚ್ಚಿನ ರಸಿಕತೆಯನ್ನು ತೋರಿತ್ತು. ಮುಂದಿದ್ದ ಹುಲ್ಲಿನ ಒಂದೊಂದು ಎಸಳೂ ಸ್ಪಷ್ಟ. ಹಿಂದೆ ಕಂದು ಬಣ್ಣದ ಮೋಡ, ಅದಕ್ಕೆ ಎರಡು ಕಿವಿ. ಕೊಂಬು ಮಸುಕಿನಲ್ಲಿ ಮುಳುಗಿರಬೇಕೆಂದು ಸಮಾಧಾನ ತಂದುಕೊಂಡೆ.

ಸೋಮವಾರ ಆ ಚಿತ್ರವನ್ನು ತರಗತಿಗೆ ಒಯ್ದು ಮೇಜಿನ ಮೇಲಿಟ್ಟೆ. ಚಿತ್ರ ತಾನಾಗಿ ಏನನ್ನೂ ಹೇಳಲಿಲ್ಲ. ಕೊನೆಗೆ ಆ ಮೂರು ಮಾತನ್ನು ನಾನೇ ಆಡಬೇಕಾಯಿತು. "ಫೆಬ್ರವರಿಯಲ್ಲಿ ನಾನು ತಪ್ಪು ಹೇಳಿದೆ. ಇವನು ಹೇಳಿದ್ದೇ ಸರಿ. ಅವನನ್ನು ನೋಡಿ ನಗುವುದಕ್ಕೆ ನಿಮಗೆ ದಾರಿ ತೋರಿಸಿದವನೂ ನಾನೇ" ಎಂದೆ. ತರಗತಿ ನಿಶ್ಶಬ್ದವಾಯಿತು. ಆ ಹುಡುಗನನ್ನು ಕರೆದು ಚಿತ್ರವನ್ನು ಕೈಗಿತ್ತೆ. ಬಹಳ ಹೊತ್ತು ನೋಡಿದ.

"ಕೊಂಡುಕುರಿನೇ ಸಾ" ಎಂದ. ನಾನು ಉಸಿರು ಬಿಟ್ಟೆ. ಸ್ವಲ್ಪ ತಡೆದು, ಸಂಕೋಚದಿಂದಲೇ, "ಆದ್ರ ಇದು ಹೆಣ್ಣು ಸಾ. ಕೊಂಬೇ ಇಲ್ಲ" ಎಂದ.

ತರಗತಿ ಮತ್ತೆ ಗೊಳ್ಳೆಂದಿತು. ಈ ಸಲ ನಗು ಸರಿಯಾದ ವಿಳಾಸಕ್ಕೆ ಬಂದಿತ್ತು. ಹುಡುಗನೂ ನಕ್ಕ.

'ನಾಕುಬಾಲ' ಎಂಬ ಹೆಸರು ಅಂದೇ ಅಳಿಸಿಹೋಯಿತೆಂದು ಹೇಳಲಾರೆ. ಆಡಿದ ಮಾತನ್ನು ಹಿಂದಕ್ಕೆ ಪಡೆಯುವ ಯಂತ್ರವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಆದರೆ ಮುಂದಿನ ವಾರ ಪಾಠದ ನಡುವೆ ಅವನು ಎದ್ದು ನಿಂತು ಒಂದು ಪದದ ಅರ್ಥ ಕೇಳಿದ. ಅದು ನನಗೆ ಗೊತ್ತಿರಲಿಲ್ಲ. "ಗೊತ್ತಿಲ್ಲಪ್ಪ, ನಾಳೆ ನೋಡಿ ಹೇಳುತ್ತೇನೆ" ಎಂದೆ. ನಾಲಿಗೆ ಸ್ವಲ್ಪ ತೊಡರಿತು, ಅಷ್ಟೆ.

ಪರೀಕ್ಷೆ ಮುಗಿದ ದಿನ ಅವನು ವಾಚನಾಲಯದ ಪುಸ್ತಕ ಹಿಂದಿರುಗಿಸಲು ಬಂದವನು ಬಾಗಿಲಲ್ಲೇ ನಿಂತು, "ಸಾ, ಗಂಡು ನೋಡ್ಬೇಕಂದ್ರ ಮಳ ಬಿದ್ದ ಮೇಲ ಬನ್ನಿ. ಆಗ ಜೋಡಿ ಇರ್ತವ" ಎಂದ.

ಭಾವಮೈದುನನಿಗೆ ಈ ವಿಷಯವನ್ನು ಇನ್ನೂ ತಿಳಿಸಿಲ್ಲ.