ಮ್ಯಾಪಿಗೆ ಬಣ್ಣ ಬಳಿದವರು

ರಾತ್ರಿ ಊಟವಾದ ಮೇಲೆ ಕೆಲವರು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ, ಕೆಲವರು ಟೀವಿ ಹಾಕಿಕೊಳ್ಳುತ್ತಾರೆ. ನಾನು ಫೋನಿನಲ್ಲಿ ಮ್ಯಾಪ್ ನೋಡುತ್ತೇನೆ. ಎಲ್ಲಿಗೂ ಹೋಗುವುದಕ್ಕಲ್ಲ, ಸುಮ್ಮನೆ. ಮಧುಗಿರಿಯಿಂದ ಹೊರಟು ಪಾವಗಡದ ತನಕ ಬೆರಳಲ್ಲೇ ಸಾಗುವುದು, ನಡುವೆ ಹೆಸರು ಕೇಳದ ಊರೊಂದರ ಕೆರೆ ಏರಿಯ ಮೇಲೆ ಸ್ವಲ್ಪ ನಿಲ್ಲುವುದು, ಆ ಕೋಡಿ ನೀರು ಯಾವ ಹಳ್ಳ ಸೇರುತ್ತದೆಂದು ಹಿಂಬಾಲಿಸುವುದು. ಖರ್ಚಿಲ್ಲದ ಚಟ.

ಇದಕ್ಕೆ ಕಲ್ಲು ಬಿದ್ದದ್ದು ಒಂದು ಅಪ್‌ಡೇಟಿನಿಂದ. ಯಾವ ಕಂಪನಿಯ ಮ್ಯಾಪೆಂದು ಹೇಳುವುದು ಬೇಡ, ನಾಳೆಯೂ ಅದರ ಋಣದಲ್ಲೇ ಓಡಾಡಬೇಕು. ಹಳದಿಯಾಗಿದ್ದ ರಸ್ತೆಗಳೆಲ್ಲ ಬೂದಿ ಬಣ್ಣವಾದವು. ನೀರಿನ ನೀಲಿ ಹಸಿರಿನತ್ತ ವಾಲಿತು, ಪಾರ್ಕಿನ ಹಸಿರು ನೀಲಿಯತ್ತ ವಾಲಿತು. ಪರದೆಯ ಕೆಳಭಾಗವನ್ನು ಬಿಳಿ ಚೀಟಿಯೊಂದು ಹಿಡಿದುಕೊಂಡು ಕೂತಿತು: ಹತ್ತಿರದ ಹೋಟೆಲು, ಎಟಿಎಂ, ಪೆಟ್ರೋಲ್ ಬಂಕ್. ಕೆಳಗೆ ತಳ್ಳಿದರೆ ತೆಪ್ಪಗಾದಂತೆ ನಟಿಸಿ, ಬೆರಳು ತಾಗಿದೊಡನೆ ಮತ್ತೆ ಎದ್ದು ಬರುತ್ತದೆ. ಕಿಲೋಮೀಟರ್ ತೋರಿಸುವ ಅಳತೆಗೆರೆ ಮಾತ್ರ ಕಳ್ಳನ ಹಾಗೆ ಒಂದು ಕ್ಷಣ ಇಣುಕಿ ಮಾಯ.

"ಅಲ್ರೀ, ದಾರಿ ತೋರಿಸ್ತಾ ಇದೆ ತಾನೆ? ಇನ್ನೇನ್ ಬೇಕು ನಿಮಗೆ?" ಎಂದಳು ಹೆಂಡತಿ. ಅವಳ ಪ್ರಶ್ನೆ ನ್ಯಾಯವಾದದ್ದೇ. ನನ್ನ ತಕರಾರೂ ಅಲ್ಲೇ ಇದೆ. ಈ ಮ್ಯಾಪಿಗೆ ದಾರಿ ತೋರಿಸುವುದು ಬಿಟ್ಟು ಬೇರೇನೂ ಬೇಡವಾಗಿದೆ. ಎಡಕ್ಕೆ ತಿರುಗು, ಬಲಕ್ಕೆ ತಿರುಗು, ತಲುಪಿದೆ, ಇಳಿ. ಊರು ಹೇಗಿದೆ ಎಂದು ನೋಡಿಕೊಂಡು ಕೂರುವ ಸೋಮಾರಿಗೆ ಅಲ್ಲಿ ಜಾಗವಿಲ್ಲ.

ನೋಡುವುದನ್ನು ನನಗೆ ಹೇಳಿಕೊಟ್ಟವರು ದೊಡ್ಡಪ್ಪ. ಅವರು ಸರ್ವೆ ಕೆಲಸದಲ್ಲಿದ್ದವರು. ಬಟ್ಟೆ ಅಂಟಿಸಿದ ಟೊಪೊಶೀಟನ್ನು ಜಗಲಿಯ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ತೆಂಗಿನಕಾಯಿ ಇಟ್ಟರೆ ಪಾಠ ಶುರು. ಬೆಟ್ಟದ ಏರಿಳಿತಕ್ಕೆ ಕಂದು ಗೆರೆ, ಕಾಡಿಗೆ ಹಸಿರು, ಉಳುವ ಹೊಲಕ್ಕೆ ಹಳದಿ, ಊರು ಮತ್ತು ರಸ್ತೆಗೆ ಕೆಂಪು. ಪೋಸ್ಟಾಫೀಸಿದ್ದರೆ 'ಪಿಒ', ಪೊಲೀಸ್ ಠಾಣೆಯಿದ್ದರೆ 'ಪಿಎಸ್'. ಅದರಲ್ಲೆಲ್ಲ ನನಗೆ ಸೋಜಿಗವೆನಿಸಿದ್ದು ಹಳ್ಳಗಳ ಬಣ್ಣ. ವರ್ಷವಿಡೀ ಹರಿಯುವ ನೀರಿಗೆ ನೀಲಿ, ಬೇಸಿಗೆಯಲ್ಲಿ ಬತ್ತುವ ಹಳ್ಳಕ್ಕೆ ಕಪ್ಪು. ನಮ್ಮ ಸೀಮೆಯ ಶೀಟಿನ ತುಂಬ ಕಪ್ಪು ಗೆರೆಗಳೇ. "ಕಪ್ಪು ಗೆರೆ ಅಂದ್ರೆ, ಮಾರ್ಚ್ ತಿಂಗಳಲ್ಲಿ ಕೊಡಪಾನ ಹಿಡ್ಕೊಂಡು ಆ ಕಡೆ ಹೋಗ್ಬೇಡ ಅಂತ ಕಣೋ" ಎನ್ನುತ್ತಿದ್ದರು. ಒಂದು ಬಣ್ಣದಲ್ಲಿ ಇಡೀ ತಾಲೂಕಿನ ಬೇಸಿಗೆ ಇತ್ತು. ಅದನ್ನು ಬರೆಯುವುದಕ್ಕೆ ಯಾರೋ ಆ ಹಳ್ಳದ ತನಕ ನಡೆದು ಹೋಗಿದ್ದರು.

ಈ ನಡೆದಾಟದ ಪರಂಪರೆ ಹಳೆಯದು. ಭಾರತೀಯ ಸರ್ವೇಕ್ಷಣಾ ಇಲಾಖೆ ಶುರುವಾದದ್ದು 1767ರಲ್ಲಿ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ತ್ರಿಕೋನಮಿತಿ ಸರ್ವೆ ಆರಂಭಿಸಿದ ವಿಲಿಯಂ ಲ್ಯಾಂಬ್ಟನ್, ಥಿಯೊಡೊಲೈಟ್ ಎಂಬ, ಕೋನ ಅಳೆಯುವ ಸುಮಾರು ಅರ್ಧ ಟನ್ ತೂಕದ ಯಂತ್ರವನ್ನು ಊರೂರಿಗೆ ಹೊರಿಸಿಕೊಂಡು ತಿರುಗಿದ. ಹೊತ್ತವರ ಹೆಸರು ಯಾವ ಶೀಟಿನ ಅಂಚಿನಲ್ಲೂ ಇಲ್ಲ.

ಹಾಗೆಂದು ಆ ಇಲಾಖೆ ಏನನ್ನೂ ಬದಲಿಸಲಿಲ್ಲವೆಂದಲ್ಲ. 2005ರ ನಕ್ಷಾ ನೀತಿಯ ನಂತರ ಸಾರ್ವಜನಿಕರಿಗೆಂದು ಹೊಸ ಸರಣಿ ಬಂತು, ಶೀಟುಗಳ ನಂಬರೇ ಬದಲಾಯಿತು. ಬೆಂಗಳೂರಿನ ಬಹುಪಾಲು 57 ಎಚ್/9 ಎಂಬ ಶೀಟಿನಲ್ಲಿತ್ತು. ಹೊಸ ಲೆಕ್ಕದಲ್ಲಿ ಅದು ಡಿ 43ರ ಕಡೆಗೆ ಸೇರಿತು. ಆಗಲೇ ನಿವೃತ್ತರಾಗಿದ್ದ ದೊಡ್ಡಪ್ಪ ರೇಗಿದರು. "ಐವತ್ತೇಳು ಅಂದ್ರೆ ನಮ್ಮ ಮೈಸೂರು ಸೀಮೆ. ಈ ಡಿ ನಲವತ್ಮೂರು ಯಾರಪ್ಪ?" ಗೊಣಗುವುದು ನಮ್ಮ ಮನೆತನದಲ್ಲೇ ಬಂದದ್ದಿರಬೇಕು.

ಮತ್ತೆ ನನ್ನ ಫೋನಿಗೆ ಬರುತ್ತೇನೆ. ಕೆರೆಗೂ ಪಾರ್ಕಿಗೂ ಹೆಚ್ಚು ಕಡಿಮೆ ಒಂದೇ ಬಣ್ಣ ಬಳಿದವರ ಮೇಲೆ ಹಲ್ಲು ಕಡಿಯುತ್ತ ಕೂತಾಗ, ಬೆಂಗಳೂರಿನ ವಿಷಯದಲ್ಲಿ ಅವರು ಅಂಥ ತಪ್ಪೇನೂ ಮಾಡಿಲ್ಲ ಅನ್ನಿಸಿತು. ಧರ್ಮಾಂಬುಧಿ ಕೆರೆಯಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೋರಮಂಗಲದ ಕೆರೆಯಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಎದ್ದ ವಸತಿ ಸಮುಚ್ಚಯವಿದೆ. ನೀರಿಗೂ ನೆಲಕ್ಕೂ ಇದ್ದ ಗೆರೆಯನ್ನು ನಾವೇ ಅಳಿಸಿ ಎಷ್ಟೋ ಕಾಲವಾಗಿದೆ, ಎಲ್ಲೋ ಕೂತು ಬಣ್ಣ ಕಲಸುವ ಹುಡುಗರಿಗೆ ಏನೆನ್ನುವುದು?

ಆದರೂ ಕೇಳುವ ಹಕ್ಕಾದರೂ ಇರಬೇಕಲ್ಲ. 2009ರಲ್ಲಿ ಲಂಡನ್ನಿನ ಸುರಂಗ ರೈಲಿನ ನಕ್ಷೆಯಿಂದ, ಚೊಕ್ಕಟವಾಗಿ ಕಾಣಲಿ ಎಂದು, ಥೇಮ್ಸ್ ನದಿಯನ್ನೇ ತೆಗೆದುಹಾಕಿದ್ದರು. ಸುರಂಗದಲ್ಲಿ ಹೋಗುವವರಿಗೆ ನದಿ ಯಾಕೆ? ಆದರೆ ಜನ ಬಿಡಲಿಲ್ಲ, ಮೇಯರ್ ಕೂಡ ಸಿಡಿಮಿಡಿಗೊಂಡರು, ವರ್ಷ ಮುಗಿಯುವುದರೊಳಗೆ ನದಿ ಮರಳಿ ಬಂತು. ಅವರಿಗೆ ಕೂಗಾಡಲು ಒಂದು ಕಚೇರಿ, ಒಬ್ಬ ಮೇಯರ್ ಇದ್ದರು. ನನಗಿರುವುದು 'ಪ್ರತಿಕ್ರಿಯೆ ಕಳುಹಿಸಿ' ಎಂಬ ಗುಂಡಿ. ನೀರನ್ನು ನೀಲಿ ಮಾಡಿ ಎಂದು ಬರೆದು ಒತ್ತಿದೆ. 'ಧನ್ಯವಾದಗಳು' ಎಂದು ತೋರಿಸಿ, ಹತ್ತಿರದಲ್ಲಿರುವ ಬಿರಿಯಾನಿ ಹೋಟೆಲುಗಳ ಪಟ್ಟಿ ಕೊಟ್ಟಿತು.

2017ರಲ್ಲಿ ಸರ್ವೇಕ್ಷಣಾ ಇಲಾಖೆ ತನ್ನ ಹೊಸ ಸರಣಿಯ ಶೀಟುಗಳನ್ನು ಆಧಾರ್ ಸಂಖ್ಯೆ ಕೊಟ್ಟವರಿಗೆ ಬಿಟ್ಟಿಯಾಗಿ ಇಳಿಸಿಕೊಳ್ಳಲು ಬಿಟ್ಟಿತ್ತು. ಆಗ ಇಳಿಸಿಟ್ಟುಕೊಂಡಿದ್ದ ಒಂದನ್ನು ಈಗ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಊಟದ ಮೇಜಿನ ಮೇಲೆ ಹರಡಿದೆ. ಹೆಂಡತಿ ಸಾರಿನ ಪಾತ್ರೆ ಹಿಡಿದುಕೊಂಡೇ ಬಗ್ಗಿ ನೋಡಿದಳು.

"ಇದ್ರಲ್ಲಿ ಟ್ರಾಫಿಕ್ ಎಲ್ಲಿ ತೋರಿಸುತ್ತೆ?"

"ಇದ್ರಲ್ಲಿ ಟ್ರಾಫಿಕ್ ಇರಲ್ಲ ಕಣೆ."

"ಹಾಗಾದ್ರೆ ನಾಳೆ ಜಯನಗರಕ್ಕೆ ಇದನ್ನೇ ನೋಡ್ಕೊಂಡು ಹೋಗೋಣ ಬಿಡಿ."