ಉಳಿದ ಬೀಜ

ಮೇ ತಿಂಗಳ ಕೊನೆಯ ವಾರ. ಬಿಬವೇವಾಡಿಯ ನಮ್ಮ ಸೊಸೈಟಿಯ ವಾಚ್‌ಮನ್ ದಾದಾ ಒಂದು ಸಂಜೆ ಎರಡು ಚೀಲ ಹಿಡಿದುಕೊಂಡು ಮೂರನೇ ಮಹಡಿ ಹತ್ತಿ ಬಂದರು. ಒಂದರಲ್ಲಿ ಅವರ ಮನೆಯ ಇಂದ್ರಾಯಣಿ ಭತ್ತ, ಇನ್ನೊಂದರಲ್ಲಿ ಕೆಂಪು ದ್ರಾವಣದ ಸಣ್ಣ ಬಾಟಲಿ. ಅವರ ಊರು ಭೋರ್‌ನಿಂದ ಇನ್ನೂ ಒಳಗೆ. ಮಳೆಗೆ ಮುಂಚೆ ರಜೆ ಹಾಕಿ ಊರಿಗೆ ಹೋಗಿ ಸಸಿಮಡಿ ಮಾಡುತ್ತಾರೆ, ನಾಟಿಗೆ ಮತ್ತೊಮ್ಮೆ ಹೋಗುತ್ತಾರೆ. ಮಿಕ್ಕ ದಿನಗಳಲ್ಲಿ ನಮ್ಮ ಗೇಟು ಕಾಯುತ್ತಾರೆ.

"ಕಾಕಾ, ನೀವು ಭತ್ತದ ಹುಳುವಿನ ಕೆಲಸದಲ್ಲಿದ್ದವರಂತೆ. ಈ ಔಷಧಿಯನ್ನು ಬೀಜಕ್ಕೆ ಹಚ್ಚಿದರೆ ಹುಳು ಬರುವುದಿಲ್ಲ ಅಂತ ಅಂಗಡಿಯವನು ಹೇಳಿದ. ನಿಜವಾ?"

ಮಗಳ ಮನೆಗೆ ಬಂದು ಆರು ವರ್ಷವಾಯಿತು. ಇಷ್ಟು ದಿನಗಳಲ್ಲಿ ನನ್ನ ಕಸುಬಿನ ಬಗ್ಗೆ ಇಲ್ಲಿ ಯಾರೂ ಕೇಳಿದ್ದಿಲ್ಲ. ಖುಷಿಯಾಯಿತು. ನನ್ನ ಹರಕು ಮರಾಠಿಯಲ್ಲಿ ಎರಡು ದಿನ ಸಮಯ ಕೇಳಿದೆ.

ನನ್ನ ಕೆಲಸ ಏನಿತ್ತು ಎಂದು ಮೊದಲು ಹೇಳಿಬಿಡುತ್ತೇನೆ. ನಾನು ವಿಜ್ಞಾನಿಯಲ್ಲ. ಕರಾವಳಿಯಲ್ಲಿ ಭತ್ತದ ಕೀಟಗಳ ಮೇಲೆ ನಡೆಯುತ್ತಿದ್ದ ಪ್ರಯೋಗಗಳಲ್ಲಿ ಕ್ಷೇತ್ರ ಸಹಾಯಕನಾಗಿದ್ದೆ. ಅಂದರೆ ಎಣಿಸುವವನು. ಗದ್ದೆಯನ್ನು ಸಣ್ಣ ಸಣ್ಣ ತಾಕುಗಳಾಗಿ ಮಾಡಿ, ಯಾವ ತಾಕಿಗೆ ಯಾವ ಉಪಚಾರ ಎಂದು ಚೀಟಿ ಎತ್ತಿ ನಿರ್ಧರಿಸಿ, ಒಂದೊಂದು ಉಪಚಾರವನ್ನೂ ಮೂರು ನಾಲ್ಕು ಕಡೆ ಪುನರಾವರ್ತಿಸುತ್ತಿದ್ದರು. ಒಂದು ಉಪಚಾರ ಯಾವಾಗಲೂ 'ಏನೂ ಇಲ್ಲ'. ಅದಿಲ್ಲದಿದ್ದರೆ ಉಳಿದವುಗಳನ್ನು ಯಾವುದಕ್ಕೆ ಹೋಲಿಸುವುದು? ನಾಟಿಯಾದ ಮೇಲೆ ನಾನು ಪ್ರತಿ ತಾಕಿನಲ್ಲಿ ಹತ್ತು ಬುಡ ಆರಿಸಿ, ಒಟ್ಟು ತೆಂಡೆ ಎಷ್ಟು, ಹುಳು ಬಿದ್ದ ತೆಂಡೆ ಎಷ್ಟು ಎಂದು ಬರೆದುಕೊಳ್ಳುತ್ತಿದ್ದೆ. ಜುಲೈ ಮಳೆಯಲ್ಲಿ ಬಗ್ಗಿ ನಿಂತು ಸಾವಿರಾರು ತೆಂಡೆ ಎಣಿಸಿದವನ ಸೊಂಟಕ್ಕೆ ಆ ಲೆಕ್ಕ ಇಂದಿಗೂ ನೆನಪಿದೆ.

ದಾದಾ ತಂದ ಬೀಜದಲ್ಲಿ ನೂರು ಕಾಳಿಗೆ ಔಷಧಿ ಹಚ್ಚಿದೆ, ನೂರು ಕಾಳು ಹಾಗೇ ಬಿಟ್ಟೆ. ಬೇರೆ ಬೇರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಮೊಳಕೆ ನೋಡುವುದು ಮೊದಲ ಪರೀಕ್ಷೆ. ಪ್ರಮಾಣಿತ ಭತ್ತದ ಬೀಜ ನೂರಕ್ಕೆ ಕನಿಷ್ಠ 80 ಮೊಳೆಯಬೇಕು. ಔಷಧಿ ಹುಳುವನ್ನು ಕೊಲ್ಲುವ ಮೊದಲು ಮೊಳಕೆಯನ್ನೇ ಕೊಂದರೆ ಏನು ಪ್ರಯೋಜನ? "ಅಡಿಗೆಮನೆಯಲ್ಲಿ ವಿಷ ಇಡಬೇಡಿ ಅಪ್ಪಾ" ಎಂದಳು ಮಗಳು. ಸರಿಯಾದ ಮಾತು. ಎಲ್ಲವನ್ನೂ ಬಾಲ್ಕನಿಗೆ ಸಾಗಿಸಿದೆ. ಹಚ್ಚಿ ಮಿಕ್ಕಿದ ಒಂದು ಹಿಡಿ ಕೆಂಪು ಬೀಜವನ್ನು ಕಾಗದದ ಮೇಲೆ ಹರಡಿ, ಕೈ ತೊಳೆಯಲು ಒಳಗೆ ಹೋದೆ.

ವಾಪಸು ಬರುವಷ್ಟರಲ್ಲಿ ಕಂಬಿಯ ಮೇಲೆ ನಾಲ್ಕು ಪಾರಿವಾಳ. ಪುಣೆಯ ಬಾಲ್ಕನಿಗಳಲ್ಲಿ ಪಾರಿವಾಳ ಹೊಸತೇನಲ್ಲ. ಒಂದು ಆಗಲೇ ಕೆಳಗಿಳಿದು ಕುತ್ತಿಗೆ ಓರೆ ಮಾಡಿ ಕಾಗದ ನೋಡುತ್ತಿತ್ತು. ನಾನು ಕೂಗಿದ ಕೂಗಿಗೆ ಮೊಮ್ಮಗಳು ಓಡಿ ಬಂದಳು. "ಅಜ್ಜ, ಪಾರಿವಾಳಕ್ಕೆ ಯಾಕೆ ಇಷ್ಟು ಹೆದರಿದಿರಿ?"

ಅವಳಿಗೆ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕರಾವಳಿಯ ಭತ್ತಕ್ಕೆ ಕಣೆ ನೊಣದ ಕಾಟ ಹಳೆಯದು. ಸೊಳ್ಳೆಯಷ್ಟು ದೊಡ್ಡ, ಕೆಂಪು ಹೊಟ್ಟೆಯ ನೊಣ ಅದು. ರಾತ್ರಿ ದೀಪಕ್ಕೆ ಬರುತ್ತದೆ. ಎಲೆಯ ಮೇಲಿಟ್ಟ ಮೊಟ್ಟೆ ಒಡೆದು ಹೊರಬಂದ ಮರಿ ಎಲೆಯ ತೇವದಲ್ಲೇ ತೆವಳಿಕೊಂಡು ಸುಳಿಯ ಬುಡ ಸೇರುತ್ತದೆ. ಅಲ್ಲಿಗೆ ಆ ತೆಂಡೆ ತೆನೆ ಬಿಡುವ ಆಸೆ ಮುಗಿಯಿತು. ಎಲೆ ಬರಬೇಕಾದಲ್ಲಿ ಈರುಳ್ಳಿ ಎಲೆಯಂಥ ಬೆಳ್ಳನೆಯ ಕೊಳವೆ ಬರುತ್ತದೆ. ಮೋಡ, ಜಿಟಿಜಿಟಿ ಮಳೆ, ತಡವಾದ ನಾಟಿ, ಈ ಮೂರೂ ಕೂಡಿದ ವರ್ಷ ಗದ್ದೆಯಲ್ಲಿ ಎಲ್ಲಿ ನೋಡಿದರೂ ಕೊಳವೆ.

ಹುಳು ಸುಳಿಯೊಳಗೆ ಸೇರಿದ ಮೇಲೆ ಹೊರಗಿನಿಂದ ಸಿಂಪಡಿಸಿದ ಔಷಧಿ ಅದನ್ನು ಮುಟ್ಟುವುದು ಕಷ್ಟ. ಮೇಲಾಗಿ ನಮ್ಮ ಮಳೆಯಲ್ಲಿ ಸಿಂಪಡಿಸಿದ್ದು ಗಂಟೆಯೊಳಗೆ ಹಳ್ಳ ಸೇರುತ್ತದೆ. ಹಾಗಾಗಿ ಬೀಜಕ್ಕೇ ಔಷಧಿ ಕುಡಿಸುವ ಯೋಚನೆ ಬಂತು. ಕ್ಲೋರ್‌ಪೈರಿಫಾಸ್ 20 ಇ.ಸಿ.ಯನ್ನು ಲೀಟರ್ ನೀರಿಗೆ 10 ಮಿ.ಲೀ. ಬೆರೆಸಿ, ಅದರಲ್ಲಿ ಬೀಜವನ್ನು ಮೂರು ಗಂಟೆ ನೆನೆಸುವುದು. ಸುಮಾರು ಒಂದು ತಿಂಗಳು ರಕ್ಷಣೆ ಸಿಗುತ್ತದೆ ಎಂಬುದು ಶಿಫಾರಸು. ನಾಟಿಯ ಮೊದಲು ನೇಜಿಯ ಬೇರನ್ನು ತೆಳು ದ್ರಾವಣದಲ್ಲಿ ರಾತ್ರಿಯಿಡೀ ಅದ್ದಿಡುವ ವಿಧಾನವೂ ಇತ್ತು. ಯಾವುದು ಮೇಲು ಎಂದು ನೋಡುವುದು ನಮ್ಮ ಪ್ರಯೋಗ.

ಅದು 1990ರ ದಶಕದ ಕೊನೆ. ಆ ಮಳೆಗಾಲ ಪ್ರಯೋಗ ಒಬ್ಬ ರೈತರ ಗದ್ದೆಯಲ್ಲಿತ್ತು. ಅವರ ಮನೆಯ ಹೆಂಗಸರಿಗೆ ನಮ್ಮ 'ಏನೂ ಇಲ್ಲದ' ತಾಕುಗಳ ಮೇಲೆ ಸಿಟ್ಟು. "ಔಷಧಿ ಉಂಟು, ಹಾಕುವುದಿಲ್ಲ ಅಂದರೆ ಎಂತ ಲೆಕ್ಕ?" ಎಂದು ಮನೆಯ ಯಜಮಾನಿ ಅಮ್ಮ ಕೇಳುತ್ತಿದ್ದರು. ನಗುತ್ತಾ ಏನೋ ಹೇಳಿ ಜಾರಿಕೊಳ್ಳುತ್ತಿದ್ದೆ.

ಬಿತ್ತಿದ ದಿನ ಒಂದು ಸೇರಿನಷ್ಟು ನೆನೆಸಿದ ಬೀಜ ಉಳಿಯಿತು. ಮೊಳೆಯದ ಜಾಗಕ್ಕೆ ಬೇಕಾದೀತು ಎಂದು ನೀರು ಬಸಿದು, ಆರಿಸಿ, ಬಟ್ಟೆಯ ಚೀಲದಲ್ಲಿ ಕಟ್ಟಿ 'ಟಿ-3' ಎಂಬ ಚೀಟಿ ಸಿಕ್ಕಿಸಿ ಅವರ ಜಗುಲಿಯ ಗೂಟಕ್ಕೆ ನೇತುಹಾಕಿದೆ. ಮರುದಿನ ಒಯ್ಯುವ ಯೋಚನೆ. ಮಳೆ ಬಿಡಲಿಲ್ಲ. ನಾನು ಹೋದದ್ದು ಐದು ದಿನ ಬಿಟ್ಟು.

ಬೀಜಕ್ಕೆ ಹಚ್ಚುವ ಈಗಿನ ದ್ರಾವಣಗಳಿಗೆ ಕೆಂಪು ಬಣ್ಣ ಬೆರೆಸಿರುತ್ತಾರೆ. ತಿನ್ನುವುದಲ್ಲ ಎಂದು ನೋಡಿದ ಕೂಡಲೇ ಗೊತ್ತಾಗಲಿ ಎಂದು. ನಾನು ನೆನೆಸಿದ ಬೀಜಕ್ಕೆ ಯಾವ ಬಣ್ಣವೂ ಇರಲಿಲ್ಲ. ಆರಿದ ಮೇಲೆ ಅದು ಬರೀ ಭತ್ತ. ವಾಸನೆ ಇತ್ತು, ಆದರೆ ಆಗ ಆ ಜಗುಲಿಯಲ್ಲಿ ಎಲ್ಲದಕ್ಕೂ ಅದೇ ವಾಸನೆ. 'ಟಿ-3' ಎಂದರೆ ಏನೆಂದು ನನಗೆ ಗೊತ್ತು, ನನ್ನ ಪುಸ್ತಕಕ್ಕೆ ಗೊತ್ತು. ಅಮ್ಮನಿಗೆ ಹೇಗೆ ಗೊತ್ತಾಗಬೇಕು? ಸರ್ ಬಿಟ್ಟುಹೋದದ್ದು ಬೂಸ್ಟು ಹಿಡಿಯುತ್ತದೆ ಎಂದು ಕೋಳಿಗಳಿಗೆ ಚೆಲ್ಲಿದ್ದರು. ಏಳರಲ್ಲಿ ಐದು ಸತ್ತವು. ಬಾಯಲ್ಲಿ ನೀರು ಸುರಿಸಿಕೊಂಡು, ಕಾಲೆಳೆದು ಅಂಗಳದಲ್ಲೇ ಬಿದ್ದವಂತೆ.

ಅಮ್ಮ ಬೈಯಲಿಲ್ಲ. ತೆಂಡೆ ಎಣಿಸುವ ನನ್ನ ಪುಸ್ತಕದ ಕಡೆ ನೋಡಿ, "ಇದನ್ನೂ ಅದರಲ್ಲಿ ಬರೀತೀರಾ ಮಾರಾಯ್ರೆ?" ಎಂದರು. ಕೋಳಿಯ ದುಡ್ಡು ಕೊಟ್ಟೆ, ತೆಗೆದುಕೊಂಡರು. ಮನೆಯಲ್ಲಿ ಮೂರು ಸಣ್ಣ ಮಕ್ಕಳಿದ್ದರು. ಬಸ್ಸು ಹತ್ತಿದ ಮೇಲೆ ನನ್ನ ಕೈ ನಡುಗಿದ್ದು ಅದಕ್ಕೆ. ಆ ಚೀಲವನ್ನು ಕೋಳಿಗೆ ಸುರಿಯುವ ಬದಲು ಕುಟ್ಟಿ ಗಂಜಿ ಮಾಡಿದ್ದರೆ?

ಪುಸ್ತಕದಲ್ಲಿ ನಾನು ಬರೆಯಲಿಲ್ಲ. ಮೇಲಿನವರಿಗೆ ಹೇಳಿದಾಗ, "ಅದು ಪ್ರಯೋಗಕ್ಕೆ ಸಂಬಂಧಪಟ್ಟದ್ದಲ್ಲ" ಎಂದರು. ನನಗೂ ಅದೇ ಉತ್ತರ ಬೇಕಾಗಿತ್ತು.

ಪ್ರಯೋಗದ ಫಲಿತಾಂಶ ಏನಾಯಿತು ಎಂದು ನೀವು ಕೇಳಬಹುದು. ಮೊದಲ ಎಣಿಕೆಯಲ್ಲಿ ಉಪಚಾರ ಮಾಡಿದ ತಾಕುಗಳಲ್ಲಿ ಕೊಳವೆ ಕಡಿಮೆ, ಏನೂ ಇಲ್ಲದ ತಾಕುಗಳಲ್ಲಿ ಎದ್ದು ಕಾಣುವಷ್ಟು ಹೆಚ್ಚು. ಎರಡನೇ ಎಣಿಕೆಗೆ ಅಂತರ ಕಿರಿದಾಯಿತು. ಕೊಯ್ಲು ಮಾಡಿ ತೂಗಿದಾಗ, ಒಂದೇ ಉಪಚಾರದ ಎರಡು ತಾಕುಗಳ ನಡುವೆ ಇದ್ದ ವ್ಯತ್ಯಾಸಕ್ಕಿಂತ ಬೇರೆ ಬೇರೆ ಉಪಚಾರಗಳ ನಡುವಿನ ವ್ಯತ್ಯಾಸ ದೊಡ್ಡದಿರಲಿಲ್ಲ. ಹೀಗಾಗುವುದಕ್ಕೆ ಕಾರಣವಿದೆ. ಹುಳು ಬೇಗ ಬಿದ್ದರೆ ಭತ್ತ ಸುಮ್ಮನಿರುವುದಿಲ್ಲ, ಹೋದ ತೆಂಡೆಗೆ ಬದಲಾಗಿ ಪಕ್ಕದಿಂದ ಹೊಸದನ್ನು ಹೊರಡಿಸುತ್ತದೆ. ಎಲ್ಲ ವರ್ಷವೂ ಇದು ಸಾಲುವುದಿಲ್ಲ. ಹಾವಳಿ ಜೋರಾದ ವರ್ಷ ಬೆಳೆ ಹೋಗುವುದೂ ಉಂಟು. ಇನ್ನೊಂದು ಸಂಗತಿ ಕೊಳವೆ ಸೀಳಿದಾಗ ಕಾಣುತ್ತಿತ್ತು. ಕೆಲವು ಮರಿಗಳ ಮೈತುಂಬ ಬೇರೆಯದೇ ಪುಟ್ಟ ಮರಿಗಳು, ಪ್ಲಾಟಿಗ್ಯಾಸ್ಟರ್ ಎಂಬ ಪರತಂತ್ರ ಕಣಜದವು. ನಮ್ಮ ಕೆಲಸವನ್ನು ಅದು ಸಂಬಳವಿಲ್ಲದೆ ಮಾಡುತ್ತಿತ್ತು. ಅದನ್ನು ಎಣಿಸಲು ಹಾಳೆಯಲ್ಲಿ ಕಾಲಂ ಇರಲಿಲ್ಲ, ಕೋಳಿಗೆ ಇಲ್ಲದ ಹಾಗೆಯೇ.

ವರದಿಯಲ್ಲಿ ಮೊದಲ ಎಣಿಕೆಯ ಅಂಕಿ ಮುಂದೆ ಬಂತು, ಇಳುವರಿಯದು ಕೊನೆಯ ಕೋಷ್ಟಕದಲ್ಲಿ ಉಳಿಯಿತು. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ನಮ್ಮಲ್ಲಿ ಮಾತ್ರ ಹೀಗೆ ಎಂದುಕೊಳ್ಳಬೇಡಿ. ಅಮೆರಿಕದ ಲೂಯಿಸಿಯಾನದಲ್ಲಿ 1999ರಲ್ಲಿ ಫಿಪ್ರೋನಿಲ್ ಹಚ್ಚಿದ ಭತ್ತದ ಬೀಜ ಬಳಕೆಗೆ ಬಂತು. ಬೇರು ತಿನ್ನುವ ನೀರುಮೂತಿ ಹುಳುವಿನ ಮೇಲೆ ಅದು ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಅಲ್ಲಿನ ರೈತರು ಅದೇ ಬಯಲಲ್ಲಿ, ಭತ್ತದ ನೀರಿನಲ್ಲೇ, ಸಿಗಡಿಯಂಥ ಕ್ರಾಫಿಷ್ ಸಾಕುತ್ತಾರೆ. ಕೊಳಗಳಲ್ಲಿ ಕ್ರಾಫಿಷ್ ಸತ್ತವು ಎಂದು ಸಾಕುವವರು ಕೋರ್ಟಿಗೆ ಹೋದರು. 2004ರಲ್ಲಿ 4.5 ಕೋಟಿ ಡಾಲರ್ ಪರಿಹಾರಕ್ಕೆ ರಾಜಿಯಾಯಿತು. ಹುಳುವಿನ ಪರೀಕ್ಷೆಯಲ್ಲಿ ಆ ಬೀಜ ಪಾಸಾಗಿತ್ತು. ನಾನು ಬಳಸಿದ ಕ್ಲೋರ್‌ಪೈರಿಫಾಸ್‌ಗೆ ಯುರೋಪು 2020ರಲ್ಲಿ ಬಾಗಿಲು ಹಾಕಿತು. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು, ಕೆಲವು ವಿನಾಯಿತಿಗಳನ್ನಿಟ್ಟುಕೊಂಡು, ಅದನ್ನು ನಿಲ್ಲಿಸಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿದವು.

ಇಷ್ಟೆಲ್ಲ ಓದಿ ನಾನು ಬೀಜೋಪಚಾರದ ವೈರಿ ಎಂದುಕೊಂಡರೆ ತಪ್ಪು. ಇಡೀ ಗದ್ದೆಗೆ ಸಿಂಪಡಿಸುವುದಕ್ಕೆ ಹೋಲಿಸಿದರೆ ಬೀಜಕ್ಕೆ ಹಚ್ಚಲು ಬೇಕಾಗುವ ಔಷಧಿ ಬಹಳ ಕಡಿಮೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಗಾಳಿಗೆ ಎದುರಾಗಿ ಹೊಡೆಯುವ ಕೂಲಿಯವನ ಶ್ವಾಸಕೋಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲ. ಕೇಳಬೇಕಾದ ಪ್ರಶ್ನೆ ಯಾವ ಹುಳು, ಯಾವಾಗ ಎಂಬುದು.

ಮೂರನೇ ದಿನ ದಾದಾ ಬಂದಾಗ ಅದನ್ನೇ ಕೇಳಿದೆ. ನೂರರಲ್ಲಿ ಔಷಧಿ ಹಚ್ಚಿದ 91, ಹಚ್ಚದ 93 ಮೊಳೆತಿದ್ದವು. ಮೊಳಕೆಗೆ ತೊಂದರೆಯಿಲ್ಲ. "ನಿಮ್ಮ ಗದ್ದೆಯಲ್ಲಿ ಏನು ಕಾಣುತ್ತದೆ?" ಎಂದೆ. ಮಡಿಯಲ್ಲಿ ಏನೂ ತೊಂದರೆಯಿಲ್ಲವಂತೆ. ನಾಟಿಯಾಗಿ ತಿಂಗಳ ಮೇಲೆ ಸುಳಿ ಒಣಗುತ್ತದೆ, ಎಳೆದರೆ ಕೈಗೆ ಬರುತ್ತದೆ, ತೆನೆ ಬಂದಾಗ ಕೆಲವು ಬೆಳ್ಳಗೆ ಜೊಳ್ಳಾಗಿ ನಿಲ್ಲುತ್ತವೆ. ಅದು ಕಾಂಡ ಕೊರೆಯುವ ಹುಳು.

ಲೆಕ್ಕ ಬಿಡಿಸಿ ಹೇಳಿದೆ. ಬೀಜದ ಔಷಧಿಯ ಬಲ ಹೆಚ್ಚೆಂದರೆ ಒಂದು ತಿಂಗಳು. ಅದರಲ್ಲಿ ಮೂರು ನಾಲ್ಕು ವಾರ ಸಸಿಮಡಿಯಲ್ಲೇ ಕಳೆಯುತ್ತದೆ. ನೇರವಾಗಿ ಗದ್ದೆಗೇ ಬಿತ್ತುವವರಿಗೆ ಆ ತಿಂಗಳು ಗದ್ದೆಯಲ್ಲಿ ದಕ್ಕುತ್ತದೆ. ನಾಟಿ ಮಾಡುವವರಿಗೆ ಹುಳು ಬರುವ ಹೊತ್ತಿಗೆ ಕಾವಲುಗಾರ ಮನೆಗೆ ಹೋಗಿರುತ್ತಾನೆ. ದಾದಾ ಜೋರಾಗಿ ನಕ್ಕರು. "ಡ್ಯೂಟಿ ಮುಗಿದ ಮೇಲೆ ಕಳ್ಳ ಬಂದ ಹಾಗೆ!"

ಆದರೂ ದುಡ್ಡು ಕೊಟ್ಟು ತಂದ ಬಾಟಲಿ. ನನ್ನ ಮಾತನ್ನೇ ಯಾಕೆ ನಂಬಬೇಕು? ಅರ್ಧ ಬೀಜಕ್ಕೆ ಮಾತ್ರ ಹಚ್ಚಿ, ಮಡಿಯನ್ನೂ ಗದ್ದೆಯನ್ನೂ ಎರಡು ಭಾಗ ಮಾಡಿ ಕೋಲು ನೆಟ್ಟು, ಎರಡೂ ಕಡೆ ಒಂದೇ ದಿನ ನಾಟಿ ಮಾಡಿ, ಒಂದೇ ಗೊಬ್ಬರ ಹಾಕಿ ಎಂದೆ. ಕೊಯ್ಲಿನಲ್ಲಿ ಬೇರೆ ಬೇರೆ ತೂಗಬೇಕು. ಮೊಮ್ಮಗಳು ಇದನ್ನೆಲ್ಲ ಮರಾಠಿಯಲ್ಲಿ ಚೆಂದವಾಗಿ ಬರೆದುಕೊಟ್ಟಳು. ಕೊನೆಯ ಸಾಲನ್ನು ನಾನು ಎರಡು ಸಲ ಓದಿಸಿ ಕೇಳಿದೆ: ಕೈಗವಸು ಹಾಕಿಕೊಳ್ಳಿ, ಬಿತ್ತುವಷ್ಟಕ್ಕೇ ಹಚ್ಚಿ, ಉಳಿದರೆ ಆ ದಿನವೇ, ಕೋಳಿ ಕೆದಕದಷ್ಟು ಆಳಕ್ಕೆ, ಬಾವಿ ಹಳ್ಳದಿಂದ ದೂರ ಹೂಳಿ.

ಬಾಲ್ಕನಿಯ ಆ ಒಂದು ಹಿಡಿ ಬೀಜವನ್ನು ಅವರ ಕೈಯಲ್ಲೇ ವಾಪಸು ಕೊಟ್ಟೆ, ಬಿತ್ತುವ ಬೀಜದ ಜತೆ ಸೇರಿಸಲು. ಬಿಬವೇವಾಡಿಯಲ್ಲಿ ನನಗೆ ಹೂಳಲು ಮಣ್ಣೆಲ್ಲಿದೆ?

ಆಗಸ್ಟಿನಲ್ಲಿ ಊರಿಂದ ಬಂದವರು ಗೇಟಿನಲ್ಲೇ ಮೊಬೈಲು ತೆಗೆದು ಫೋಟೋ ತೋರಿಸಿದರು. ಹಸಿರು ಗದ್ದೆ, ಮಧ್ಯೆ ಒಂದು ಕೋಲು. "ಎರಡೂ ಕಡೆ ಒಂದೇ ಥರ ಕಾಣುತ್ತದೆ ಕಾಕಾ. ಹತ್ತು ಹತ್ತು ಬುಡ ಎಣಿಸಿದೆ." ಖಾಕಿ ಜೇಬಿನಿಂದ ಗೇಟಿನ ರಿಜಿಸ್ಟರಿನದೇ ಹರಿದ ಹಾಳೆ ತೆಗೆದರು. ಎರಡು ಕಾಲಂ, ಎರಡರಲ್ಲೂ ಅಂಕಿ. ಕೆಳಗೆ ಮರಾಠಿಯಲ್ಲಿ ಇನ್ನೊಂದು ಸಾಲು ಇತ್ತು. ಓದಿ ಹೇಳಲು ಕೇಳಿದೆ.

"ಉಳಿದ ಬೀಜ ಎರಡು ಮುಷ್ಟಿ. ಹೂತಿದ್ದೇನೆ."