ಕೂಸಿನ ಕಿವಿ ನುಡಿಯುವ ಸಾಕ್ಷಿ

ಕೂಸಿಗೆ ಕಿವಿ ಕೇಳುವುದೋ ಇಲ್ಲವೋ ಎಂಬ ಸಂಶಯ ಬಂದಾಗ ಅದರ ಬೆನ್ನ ಹಿಂದೆ ತಾಟು ಬಡಿದು ನೋಡುವುದು ನಮ್ಮ ನವಲಗುಂದದ ಸೀಮೆಯಲ್ಲಿ ಮನೆಮನೆಗೂ ತಿಳಿದ ಪರೀಕ್ಷೆ. ಕೂಸು ಹೊರಳಿ ನೋಡಿತೆಂದರೆ ಹಿರಿಯರ ಮನಸ್ಸು ಹಗುರಾಗುವುದು. ಆದರೆ ಇದರಷ್ಟು ಮೋಸದ ಪರೀಕ್ಷೆ ಇನ್ನೊಂದಿಲ್ಲ. ಬಡಿದವರ ನೆರಳು ಗೋಡೆಯ ಮೇಲೆ ಹಾಯ್ದರೂ, ಸಪ್ಪಳದ ನಡುಕ ನೆಲದ ಮೂಲಕ ಮೈಗೆ ತಟ್ಟಿದರೂ ಕೂಸು ಹೊರಳೀತು. ನಮ್ಮ ತಮ್ಮನ ಮೊಮ್ಮಗಳು ವರ್ಷ ತುಂಬುವ ತನಕ ಹೀಗೆಯೇ ಎಲ್ಲರ ಕಡೆಗೂ ಹೊರಳಿ ನಕ್ಕಳು. ಕಡೆಗೆ ಹುಬ್ಬಳ್ಳಿಗೆ ಒಯ್ದು ‘ಬೇರಾ’ ಎಂಬ ಪರೀಕ್ಷೆ ಮಾಡಿಸಿದರು. ಮಲಗಿದ ಕೂಸಿನ ತಲೆಗೆ ತಂತಿ ಹಚ್ಚಿ, ಕಿವಿಯಲ್ಲಿ ಸಪ್ಪಳ ಬಿಟ್ಟು, ಕಿವಿಯ ನರವೂ ಮಿದುಳಿನ ಕಾಂಡವೂ ಓಗೊಡುತ್ತವೆಯೇ ಎಂದು ನೋಡುವ ಪರೀಕ್ಷೆಯದು. ಎರಡೂ ಕಿವಿಗಳಿಂದ ಉತ್ತರ ಬರಲಿಲ್ಲ.

ಆ ದಿನಗಳಲ್ಲಿ ಓಣಿಯ ಮಾತು ಕೇಳಬಾರದು. ತಾಯಿ ಬಸುರಿಯಿದ್ದಾಗ ಗ್ರಹಣದಲ್ಲಿ ಹೊರಗೆ ಬಂದಿದ್ದಳಂತೆ! ಅವಳನ್ನು ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದ ಸಂಗತಿಯನ್ನು ಮಾತ್ರ ಯಾರೂ ಎತ್ತಲಿಲ್ಲ. ರಕ್ತಸಂಬಂಧದ ಮದುವೆಗಳಲ್ಲಿ ಹುಟ್ಟುಕಿವುಡು ಹೆಚ್ಚೆಂದು ವೈದ್ಯರು ಎಷ್ಟು ಸಾರಿದರೂ ನಮ್ಮ ಜನಕ್ಕೆ ಗ್ರಹಣವೇ ಪ್ರಿಯ.

ಇಂಥ ಕೂಸುಗಳಿಗೆ ಈಗ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನವುಂಟು. ಒಳಗಿವಿಯಲ್ಲಿ ಶಂಖದಂತೆ ಎರಡೂವರೆ ಸುತ್ತಿನ ಒಂದು ಅಂಗವಿರುವುದು. ಅದರೊಳಗೆ ಸಣ್ಣ ತಂತಿಯೊಂದನ್ನು ಶಸ್ತ್ರಕ್ರಿಯೆಯಿಂದ ಇಳಿಸಿ, ಹೊರಗಿನ ಯಂತ್ರವು ಹಿಡಿದ ಧ್ವನಿಯನ್ನು ವಿದ್ಯುತ್ತಾಗಿ ಮಾಡಿ ನೇರವಾಗಿ ನರಕ್ಕೆ ಮುಟ್ಟಿಸುತ್ತಾರೆ. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಗ್ರೇಮ್ ಕ್ಲಾರ್ಕರು 1978ರಲ್ಲಿ ಅನೇಕ ವಿದ್ಯುತ್‌ಬಿಂದುಗಳುಳ್ಳ ಇಂಥ ಸಾಧನವನ್ನು ಒಬ್ಬ ರೋಗಿಗೆ ಅಳವಡಿಸಿದರು. ಲಕ್ಷಗಟ್ಟಲೆ ಬೆಲೆಯ ವಸ್ತು. ಆದರೂ ಕೇಂದ್ರ ಸರಕಾರದ ‘ಅಡಿಪ್’ ಯೋಜನೆಯಲ್ಲಿ 2014ರಿಂದ ಆದಾಯ ಕಡಿಮೆಯಿರುವ ಮನೆಗಳ ಎಳೆಯ ಮಕ್ಕಳಿಗೆ ಇದು ದೊರೆಯತೊಡಗಿತು. ನಮ್ಮ ಕೂಸಿಗೂ ಎರಡನೆಯ ವರ್ಷದಲ್ಲಿ ಹಾಗೆಯೇ ದೊರೆಯಿತು.

ತಂತಿಯನ್ನು ಇಳಿಸಿದೊಡನೆ ಕೆಲಸ ಮುಗಿಯಿತೆಂದು ನಾವೆಲ್ಲ ಎಣಿಸಿದ್ದೆವು. ನಿಜವಾದ ತೊಡಕು ಅಲ್ಲಿಂದ ಮುಂದೆ. ಆ ತಂತಿಯ ಒಂದೊಂದು ಬಿಂದುವಿಗೂ ಎಷ್ಟು ವಿದ್ಯುತ್ತು ಬಿಟ್ಟರೆ ಧ್ವನಿ ಕೇಳಿಸೀತು, ಎಷ್ಟಕ್ಕೆ ಮೀರಿದರೆ ಸಹಿಸಲಾಗದು ಎಂದು ಗೊತ್ತುಮಾಡಬೇಕು. ಇದು ಒಬ್ಬರಿಗಿದ್ದಂತೆ ಇನ್ನೊಬ್ಬರಿಗಿರದು. ಬೆಳೆದವರಾದರೆ ‘ಸಾಕು’ ಎಂದಾರು. ಶಬ್ದವೆಂಬುದನ್ನೇ ಅರಿಯದ ಕೂಸು ಏನೆಂದೀತು? ನಮ್ಮ ತಮ್ಮ ಅಲ್ಲಿಯ ಶ್ರವಣತಜ್ಞೆಯನ್ನು ಇದನ್ನೇ ಕೇಳಿದ: “ಅಲ್ರೀ ಬಾಯಾರ, ಮಾತ ಬರದ ಕೂಸಿಗೆ ಎಷ್ಟು ಸಾಕಂತ ನಿಮಗ ಹ್ಯಾಂಗ ತಿಳೀತದರಿ?”

“ಕೂಸು ಹೇಳೂದಿಲ್ರಿ ಅಜ್ಜಾರ, ಅದರ ಕಿವೀನ ಹೇಳ್ತದ” ಎಂದರು ಅವರು.

ಅದು ಹೇಳುವ ಬಗೆ ಸೋಜಿಗದ್ದು. ನಡುಗಿವಿಯಲ್ಲಿರುವ ಮೂರು ಎಲುಬುಗಳಲ್ಲಿ ಕಡೆಯದು ಕುದುರೆಯ ರಿಕಾಪಿನಂತಿದೆ. ನಮ್ಮ ದೇಹದಲ್ಲೆಲ್ಲ ಅತ್ಯಂತ ಚಿಕ್ಕ ಎಲುಬು ಅದೇ. ಅದಕ್ಕೆ ಅಂಟಿಕೊಂಡಿರುವ ಸ್ಟೆಪೀಡಿಯಸ್ ಎಂಬ ಸ್ನಾಯುವೂ ಸ್ನಾಯುಗಳಲ್ಲೆಲ್ಲ ಚಿಕ್ಕದು. ಧ್ವನಿಯು ಬಿರುಸಾದೊಡನೆ ಈ ಸ್ನಾಯು ತಾನಾಗಿ ಸೆಳೆದುಕೊಂಡು ಎಲುಬನ್ನು ಬಿಗಿಹಿಡಿಯುತ್ತದೆ. ಕಣ್ಣೆದುರು ಕೈಬೀಸಿದರೆ ರೆಪ್ಪೆ ಮುಚ್ಚುವಂತೆ ಇದು. ನಮ್ಮ ಇಚ್ಛೆಯನ್ನು ಕೇಳುವುದಿಲ್ಲ. ಇಂಪ್ಲಾಂಟಿನ ವಿದ್ಯುತ್ತಿಗೂ ಸ್ನಾಯು ಹೀಗೆಯೇ ಸೆಳೆಯುವುದು. ಆದ್ದರಿಂದ ಶಸ್ತ್ರವೈದ್ಯರು ತಂತಿಯನ್ನು ಇಳಿಸಿದ ಬಳಿಕ ಅಲ್ಲಿಯೇ ಸ್ವಲ್ಪಸ್ವಲ್ಪವಾಗಿ ವಿದ್ಯುತ್ತನ್ನು ಏರಿಸಿ, ಆ ಸ್ನಾಯು ಎಂದು ಮಿಡಿಯುವುದೆಂದು ಸೂಕ್ಷ್ಮದರ್ಶಕದಲ್ಲಿ ಕಾದು ನೋಡುತ್ತಾರೆ. ಮಿಡಿಯಿತೆಂದರೆ ಸಾಧನವೂ ನರವೂ ಮಿದುಳಿನ ಕಾಂಡವೂ ಕೂಡಿ ಕೆಲಸಮಾಡುತ್ತಿವೆಯೆಂದಾಯಿತು. ನರದ ಪ್ರತ್ಯುತ್ತರವನ್ನು ಸಾಧನದಿಂದಲೇ ಅಳೆಯುವ ಇನ್ನೊಂದು ಕ್ರಮವೂ ಇದೆ. ಆದರೆ ‘ಇಷ್ಟಕ್ಕೆ ಸಾಕು’ ಎಂಬ ಮೇಲಿನ ಎಲ್ಲೆಗೆ ಸ್ನಾಯುವಿನ ಮಿಡಿತವೇ ಹೆಚ್ಚು ಸಮೀಪದ ಸಾಕ್ಷಿಯೆಂದು ತಿಳಿದವರ ಮತ. ಶಸ್ತ್ರಕ್ರಿಯೆಯ ಹೊತ್ತಿನ ಅಂಕವನ್ನು ಮಾತ್ರ ಇದ್ದಕ್ಕಿದ್ದಂತೆ ಯಂತ್ರಕ್ಕೆ ತುಂಬಬಾರದು. ಮೈಮರೆಸುವ ಔಷಧವು ಸ್ನಾಯುವನ್ನು ಮಂದಗೊಳಿಸುವುದರಿಂದ ಆ ಅಂಕ ಹೆಚ್ಚಾಗಿ ಕಾಣುವುದುಂಟು.

ಇದರ ಬೆಲೆ ನಮಗೆ ತಿಳಿದದ್ದು ಮನೆಗೆ ಬಂದ ಮೇಲೆ. ಗಾಯ ಮಾಗಿದ ಬಳಿಕ ಯಂತ್ರವನ್ನು ಚಾಲೂ ಮಾಡಿ ಕಳಿಸಿದ್ದರು. ಒಂದೆರಡು ಸಲ ಮಟ್ಟವನ್ನು ಏರಿಸಿದ ಮೇಲೆ ಕೂಸು ತಲೆಗೆ ಅಂಟಿದ ಬಿಲ್ಲೆಯನ್ನು ಕಿತ್ತೊಗೆಯತೊಡಗಿತು. ಒಲೆಯ ಮುಂದೆ ತಾಟು ಬಿದ್ದರೆ ಕಿತ್ತೊಗೆಯುವುದು. ಟ್ರ್ಯಾಕ್ಟರು ಹಾಯ್ದರೆ ಕಿತ್ತೊಗೆಯುವುದು. ಹೋಳಿಯ ಕಾಮಣ್ಣನ ಮುಂದೆ ಹಲಗಿ ಬಾರಿಸುವ ದಿನವಂತೂ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಡುಗಿತು. “ಕೂಸಿಗೆ ಬ್ಯಾಡಾದ್ದು ಯಾಕ ಹಚ್ಚತೀರಿ?” ಎಂದು ಅಜ್ಜಿ ಯಂತ್ರವನ್ನು ಟ್ರಂಕಿನಲ್ಲಿಟ್ಟಳು. ಹದಿನೈದು ದಿನ ಅದು ಅಲ್ಲಿಯೇ ಇತ್ತು. ಮಾತು ಕಲಿಯುವ ವಯಸ್ಸು ಟ್ರಂಕಿನಲ್ಲಿಟ್ಟರೆ ಉಳಿಯುವಂಥದಲ್ಲವಷ್ಟೆ! ಸೊಸೆ ಮಾತ್ರ ಯಾರಿಗೂ ಎದುರಾಡದೆ, ಹತ್ತಿ ಬಿಡಿಸುವ ಕೂಲಿಯನ್ನು ಬಿಟ್ಟು, ಕೂಸನ್ನೂ ಯಂತ್ರವನ್ನೂ ಎತ್ತಿಕೊಂಡು ಬಸ್ಸು ಹತ್ತಿದಳು. ಈ ಕಥೆಯಲ್ಲಿ ನಾವು ಮೆಚ್ಚುವುದಿದ್ದರೆ ಅದನ್ನೇ.

ಅಂದು ಕೂಸನ್ನು ತೊಡೆಯ ಮೇಲೆ ಕೂರಿಸಿ, ಮೊಬೈಲಿನಲ್ಲಿ ಚಿತ್ರ ತೋರಿಸುತ್ತ, ಶಸ್ತ್ರಕ್ರಿಯೆಯಾಗದ ಇನ್ನೊಂದು ಕಿವಿಯಲ್ಲಿ ಮೆತ್ತನೆಯ ಬಿರಡೆಯೊಂದನ್ನು ಇಟ್ಟರು. ಒಂದು ಕಿವಿಗೆ ಧ್ವನಿ ಬಿರುಸಾದರೆ ಎರಡೂ ಕಿವಿಗಳ ಸ್ನಾಯು ಸೆಳೆಯುವುದರಿಂದ ಆ ಮಿಡಿತವನ್ನು ಇಲ್ಲಿ ಹಿಡಿಯಬಹುದು. ಎಲ್ಲರಲ್ಲಿಯೂ ಅದು ಕಾಣಿಸದು. ಪುಣ್ಯಕ್ಕೆ ಇವಳಲ್ಲಿ ಕಾಣಿಸಿತು. ಕೆಲವು ಬಿಂದುಗಳಲ್ಲಿ, ಗೊತ್ತುಮಾಡಿದ್ದ ಎಲ್ಲೆಗಿಂತ ಬಹಳ ಕೆಳಗೇ ಸ್ನಾಯು ಮಿಡಿದುಬಿಟ್ಟಿತು. ಮೊದಲು ಮುಖಚರ್ಯೆಯನ್ನು ನೋಡಿಯೇ ಮಟ್ಟವನ್ನು ಏರಿಸಿದ್ದರು. ನಮ್ಮ ಕೂಸೋ ಅಪರಿಚಿತರೆದುರು ಅಳುವ ಜಾತಿಯದಲ್ಲ! ಆ ಬಿಂದುಗಳನ್ನು ಇಳಿಸಿದರು. ಮರುದಿನದಿಂದ ಬಿಲ್ಲೆ ತಲೆಯ ಮೇಲೆ ನಿಂತಿತು.

ಸ್ನಾಯುವು ಹೇಳುವುದು ‘ಸಾಕು’ ಎಂಬ ಒಂದೇ ಮಾತು. ಮಿಕ್ಕ ಮಾತುಗಳನ್ನೆಲ್ಲ ಮನೆಯವರೇ ಹೇಳಬೇಕು. ವಾಚಕ ಭಗಿನಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟ್ರಂಕಿನ ಕೀಲಿ ಹಾಕಿದ ಅಜ್ಜಿಯೇ ಈಗ ರೊಟ್ಟಿ ಬಡಿಯುವಾಗ ಅವಳನ್ನು ಎದುರಿಗೆ ಕೂರಿಸಿಕೊಂಡು, ಹಿಟ್ಟು, ನೀರು, ಕೊಣಮಿಗೆ ಎಂದು ಒಂದೊಂದನ್ನೂ ಹತ್ತು ಸಲ ಹೇಳುತ್ತಾಳೆ. ಕೂಸು ರೊಟ್ಟಿಯ ಸಪ್ಪಳಕ್ಕೆ ‘ತಪ್ ತಪ್’ ಅನ್ನುವುದನ್ನು ಕಲಿತಿದೆ.

ಸೀಗೀ ಹುಣ್ಣಿವೆಯ ತರುವಾಯ ಮತ್ತೆ ಅಳತೆಗೆ ಕರೆದಿದ್ದಾರೆ. ಈಗ ಅವಳಿಗೆ ನೆಗಡಿ. ನಡುಗಿವಿಯಲ್ಲಿ ನೀರು ನಿಂತರೆ ಸ್ನಾಯು ಮಿಡಿದರೂ ಯಂತ್ರಕ್ಕೆ ಕಾಣಿಸದಂತೆ. ಹೀಗಾಗಿ ಸೊಸೆ ನಾಳೆ ಮೊದಲು ನವಲಗುಂದದ ದವಾಖಾನೆಗೆ ಹೋಗುವವಳಿದ್ದಾಳೆ.